ಸೋಸಿದ್ದನ್ನು ಬಾವಿಗೇ ಬಿಡುತ್ತಿದ್ದ ಕಾಕೂ

ಹೋದ ತಿಂಗಳು ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದೆ. ಮನುಷ್ಯರ ರಕ್ತದಲ್ಲಿ, ಬಾಣಂತಿಯರ ಮಾಸಿನಲ್ಲಿ ಕೂಡ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳು ಸಿಕ್ಕಿವೆಯಂತೆ. ಅವಕ್ಕೆ ಮೈಕ್ರೋಪ್ಲಾಸ್ಟಿಕ್ ಎಂದು ಹೆಸರು. ಅವು ದೇಹದೊಳಗೆ ಏನೇನು ಮಾಡುತ್ತವೆ ಎಂಬುದು ಇನ್ನೂ ಪೂರ್ತಿ ತಿಳಿದಿಲ್ಲ ಎಂದು ಕೊನೆಗೆ ಬರೆದಿದ್ದರು. ಓದುತ್ತ ಕೂತವನ ಚಹಾ ಆರಿಹೋಯಿತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ಆ ಶಬ್ದ ಹೊಸದು, ಆ ಕಣ ಹೊಸದಲ್ಲ. ಅದನ್ನು ನನಗೆ ಮೊದಲು ತೋರಿಸಿದವರು ಮೂಡಲಗಿಯಲ್ಲಿ ನಮಗೆ ಮನೆ ಬಾಡಿಗೆ ಕೊಟ್ಟಿದ್ದ, ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟಿದ್ದ ಒಬ್ಬ ಹೆಣ್ಣುಮಗಳು. ಅವರು ತೀರಿಕೊಂಡು ಹದಿನೈದು ವರ್ಷದ ಮೇಲಾಯಿತು. ಅವರ ಬಗ್ಗೆ ಬರೆಯಬೇಕೆಂದು ಆಗಲೇ ಅನಿಸಿತ್ತು. ಬರೆದರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದಲ್ಲ ಎಂದು ಮುಂದೂಡುತ್ತ ಬಂದೆ.

ಓಣಿಯವರೆಲ್ಲ ಅವರನ್ನು ಕಾಕೂ ಎನ್ನುತ್ತಿದ್ದರು, ಅಂದರೆ ಚಿಕ್ಕಮ್ಮ. ನಾವೂ ಹಾಗೇ ಕರೆದೆವು. ಜೈನರ ಹಳೆಯ ಮನೆತನ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆಯ ಮುಂಭಾಗದಲ್ಲಿ ಅವರು, ಹಿಂಭಾಗದಲ್ಲಿ ಮೈದುನನ ಸಂಸಾರ, ಒಂದು ಬದಿಯ ಎರಡು ಕೋಣೆಗಳಲ್ಲಿ ನಾನು ಮತ್ತು ನನ್ನ ಹೆಂಡತಿ. ನಡುವೆ ಅಂಗಳ, ಅಂಗಳದ ಮೂಲೆಯಲ್ಲಿ ಬಾವಿ. ಓಣಿಯ ಹತ್ತು ಹನ್ನೆರಡು ಮನೆಗಳು ಕುಡಿಯುತ್ತಿದ್ದದ್ದು ಆ ಬಾವಿಯ ನೀರನ್ನೇ. ನಳ ಇತ್ತು, ಆದರೆ ಅದು ಬರುವುದು ಅದರ ಮರ್ಜಿಗೆ ಬಿಟ್ಟದ್ದಾಗಿತ್ತು.

ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಕಾಕೂ ನೀರು ಸೇದಿ, ಎರಡು ಮಡಿಕೆಯ ದಪ್ಪ ಬಿಳಿ ಅರಿವೆಯಲ್ಲಿ ಸೋಸುತ್ತಿದ್ದರು. ನೀರಿನಲ್ಲಿ ಕಣ್ಣಿಗೆ ಕಾಣುವ, ಕಾಣದ ಜೀವಗಳಿರುತ್ತವೆ. ಅವನ್ನು ಕುಡಿಯಬಾರದು ಎಂಬುದು ಅವರ ಧರ್ಮ. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಆಮೇಲಿನ ಕೆಲಸ. ಸೋಸಿದ ಅರಿವೆಯನ್ನು ಹಿಂಡುವ ಹಾಗಿಲ್ಲ, ಒಣಗಲು ಬಿಡುವ ಹಾಗೂ ಇಲ್ಲ. ಅದನ್ನು ಮಗುಚಿ, ಸೋಸಿದ ನೀರನ್ನೇ ಮೇಲಿಂದ ಮೆಲ್ಲಗೆ ಸುರಿದು, ಅಂಟಿಕೊಂಡ ಜೀವಗಳನ್ನು ಒಂದು ಸಣ್ಣ ಹಿತ್ತಾಳೆ ತಂಬಿಗೆಗೆ ಇಳಿಸಿಕೊಳ್ಳುತ್ತಿದ್ದರು. ಆ ತಂಬಿಗೆಯ ತಳಕ್ಕೂ ಒಂದು ಕೊಂಡಿ ಇತ್ತು. ಎರಡು ಹಗ್ಗದಿಂದ ಅದನ್ನು ನೀರಿನ ಮಟ್ಟದವರೆಗೆ ಇಳಿಸಿ, ತಳದ ಹಗ್ಗ ಎಳೆದು ಅಲ್ಲೇ ಬೋರಲು ಮಾಡುತ್ತಿದ್ದರು. ಮೇಲಿಂದ ಸುರಿದರೆ ಅವಕ್ಕೆ ಪೆಟ್ಟಾಗುತ್ತದೆ, ಬೇರೆ ಬಾವಿಗೆ ಬಿಟ್ಟರೆ ಅಲ್ಲಿಯ ನೀರು ಅವಕ್ಕೆ ಒಗ್ಗುವುದಿಲ್ಲ. ಎಲ್ಲಿಂದ ಬಂದವೋ ಅಲ್ಲಿಗೇ ಮುಟ್ಟಿಸಬೇಕು. ಮೇಲವಂಕಿಯ ಒಕ್ಕಲುತನದ ಮನೆಯಿಂದ ಬಂದ ನಾನು, ದನದ ಬಾನಿಗೆ ಬಾಯಿಟ್ಟು ನೀರು ಕುಡಿದು ಬೆಳೆದವನು, ಮೊದಲ ವಾರ ಇದನ್ನು ಬಾಗಿಲ ಸಂದಿಯಿಂದ ನೋಡಿ ನಕ್ಕಿದ್ದೆ.

ಅವರೂ ನನ್ನನ್ನು ನೋಡಿ ನಗುತ್ತಿದ್ದರು. ಸಾಲಿಯಿಂದ ಬಂದು ಸೈಕಲ್ ನಿಲ್ಲಿಸುವುದೇ ತಡ, ಇವತ್ತು ಹುಡುಗರಿಗೆ ಏನು ಸುಳ್ಳು ಹೇಳಿ ಬಂದಿರಿ ಎಂದು ಕೇಳುವರು. ಒಂದು ಹನಿ ನೀರಿನಲ್ಲಿ ಲೆಕ್ಕವಿಲ್ಲದಷ್ಟು ಜೀವಿಗಳಿರುತ್ತವೆ ಎಂದು ಪಾಠ ಮಾಡಿದೆ ಎಂದು ನಾನು ಗತ್ತಿನಿಂದ ಹೇಳಿದ ದಿನ ಅವರು ಕೇಳಿದ್ದು ಇನ್ನೂ ನೆನಪಿದೆ: "ಅದನ್ನ ಹೇಳಾಕ ನಿಮಗ ಪಗಾರ ಕೊಡತಾರೇನ್ರಿ ಮಾಸ್ತರ? ನಮ್ಮ ಮನ್ಯಾಗ ಪುಕ್ಕಟ ಹೇಳಿಕೊಡತಾರ."

ಯಾವುದಕ್ಕೇ ಆಗಲಿ, ಕಣ್ಣಿಗೆ ಕೇಳೋಣ ತಡೀರಿ ಎನ್ನುವುದು ಅವರ ರೂಢಿ. ಬದನೆಕಾಯಿ ಹೆಚ್ಚುವ ಮೊದಲು ಕಣ್ಣಿಗೆ ಕೇಳಬೇಕು, ಜೋಳದ ಹಿಟ್ಟು ನಾದುವ ಮೊದಲು ಕೇಳಬೇಕು. ಒಂದು ಮುಂಜಾನೆ ನನ್ನ ಹೆಂಡತಿಯ ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿ, ಇನ್ನು ಮೇಲೆ ಕೊಡ ಎತ್ತಬೇಡ ಎಂದು ಬೈದರು. ಡಾಕ್ಟರು ಅದೇ ಮಾತನ್ನು ಹೇಳಿದ್ದು ಹದಿನೈದು ದಿನದ ಮೇಲೆ. ಅಂದಿನಿಂದ ನಮ್ಮ ಕುಡಿಯುವ ನೀರನ್ನೂ ಅವರೇ ಸೋಸಿ ಇಡತೊಡಗಿದರು.

ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಊರಿಗೆಲ್ಲ ಪ್ಲಾಸ್ಟಿಕ್ ಕೊಡ ಬಂದಿತ್ತು. ಹಗುರ, ಬಣ್ಣ ಬಣ್ಣದ್ದು. ತಾಮ್ರದ ಕೊಡ ಗುಜರಿಗೆ ಹಾಕಿ ಅದನ್ನು ತಂದವರಲ್ಲಿ ನಾವೂ ಇದ್ದೆವು. ಒಡೆದ ಕೊಡ, ಬಕೆಟ್ಟು, ಹರಿದ ಚಪ್ಪಲಿ, ಗೊಬ್ಬರದ ಚೀಲ, ಎಲ್ಲವೂ ಕೊನೆಗೆ ಹೋಗುತ್ತಿದ್ದದ್ದು ಕಾಕೂ ಅವರ ಮೈದುನರ ಶೆಡ್ಡಿಗೆ. ಅವರ ಕಾಳುಕಡಿಯ ವ್ಯಾಪಾರ ಕೈಕೊಟ್ಟ ಮೇಲೆ ಅಂಗಳದ ಗೋಡೆಯಾಚೆ ತಗಡು ಹೊದಿಸಿ, ಹಳೆ ಪ್ಲಾಸ್ಟಿಕ್ ಪುಡಿ ಮಾಡುವ ಮಷಿನ್ ಇಟ್ಟಿದ್ದರು. ಪುಡಿಯಾದದ್ದನ್ನು ಸಿಮೆಂಟಿನ ತೊಟ್ಟಿಯಲ್ಲಿ ತೊಳೆದು, ಒಣಗಿಸಿ, ಚೀಲ ತುಂಬಿ ಕೊಲ್ಲಾಪುರದ ಕಡೆ ಕಳಿಸುತ್ತಿದ್ದರು. ತೊಳೆದ ನೀರು ಬಾವಿಯ ಬುಡದಲ್ಲೇ ಹಾದ ಗಟಾರದಲ್ಲಿ ಹರಿಯುತ್ತಿತ್ತು. ಬಾವಿಯ ಹಳೇ ಕಲ್ಲುಗಳ ನಡುವೆ ಬೆರಳು ತೂರುವಷ್ಟು ಸಂದಿಗಳಿದ್ದವು. ಆಷಾಢದ ಗಾಳಿಗೆ ಮಷಿನ್ನಿನ ಧೂಳು ಗೋಡೆ ಹಾರಿ ಬರುತ್ತಿತ್ತು. ಓಣಿಯ ಎಂಟು ಹೆಣ್ಣುಮಕ್ಕಳಿಗೆ ಅಲ್ಲಿ ಕೆಲಸ ಸಿಕ್ಕಿತ್ತು. ಮೈದುನರು ಕೆಟ್ಟವರೇನಲ್ಲ. ಹೊತ್ತು ಮುಳುಗುವ ಮೊದಲೇ ಉಣ್ಣುವವರು, ಆಮೇಲೆ ನೀರೂ ಮುಟ್ಟದವರು, ಜೈನರ ಪರ್ವದ ಕೊನೆಯ ದಿನ ಅತ್ತಿಗೆಯ ಕಾಲು ಮುಟ್ಟಿ ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳುವವರು.

ಒಂದು ಮುಂಜಾನೆ ಕಾಕೂ ನನ್ನನ್ನು ಕರೆದು ಅರಿವೆ ತೋರಿಸಿದರು. ಬಾವಿಯಲ್ಲಿ ಹೊಸ ಜೀವ ಬಂದಿವೆ, ನೀಲಿ, ಕೆಂಪು ಎಂದರು. ದನಿಯಲ್ಲಿ ಖುಷಿ ಇತ್ತು. ಸಾಲಿಗೆ ಹೊತ್ತಾಗಿತ್ತು, ಒಂದು ಕಣ್ಣು ಹಾಯಿಸಿ, ಧೂಳಿರಬೇಕು ಬಿಡಿ ಎಂದು ಹೊರಟೆ. ಅವರು ನನ್ನ ಮಾತು ನಂಬಲಿಲ್ಲ. ಆಗಲೇ ಅವರ ಕಣ್ಣಿಗೆ ಪೊರೆ ಬರತೊಡಗಿತ್ತು ಎಂಬುದು ನನಗೆ ಗೊತ್ತಿರಲಿಲ್ಲ, ಬಹುಶಃ ಅವರಿಗೂ ಗೊತ್ತಿರಲಿಲ್ಲ. ಹೊಸ ಜೀವಗಳೆಂದು ಮತ್ತಷ್ಟು ಜೋಪಾನದಿಂದ, ಒಂದೂ ಅರಿವೆಯಲ್ಲಿ ಉಳಿಯದಂತೆ ತೊಳೆದು, ದಿನಾ ಬಾವಿಗೆ ಬಿಡುತ್ತ ಬಂದರು. ಹೀಗೆ ಒಂದೂವರೆ ವರ್ಷ.

ಹೆಂಡತಿಗೆ ಆರು ತಿಂಗಳಾಗಿದ್ದಾಗ ನಮ್ಮ ಕೊಡದ ತಳದಲ್ಲಿ ನೀಲಿ ಪುಡಿ ಕಂಡಿತು. ಸೋಸಿದ ನೀರಿನಲ್ಲೂ ಅರಿವೆ ದಾಟಿ ಬಂದದ್ದು. ಅವಳು ಅದನ್ನು ಬೆರಳಿಗೆ ಅಂಟಿಸಿಕೊಂಡು ನನ್ನ ಮುಂದೆ ಹಿಡಿದಳು. ಮರುದಿನ ಕಾಕೂ ಅವರ ತಂಬಿಗೆಯಿಂದ ಒಂದಿಷ್ಟು ನೀರನ್ನು ಖಾಲಿ ಶಾಯಿ ಬಾಟಲಿಯಲ್ಲಿ ಸಾಲಿಗೆ ಒಯ್ದು, ಕಪಾಟಿನಲ್ಲಿದ್ದ ಒಂದೇ ಒಂದು ಸೂಕ್ಷ್ಮದರ್ಶಕದ ಧೂಳು ಒರೆಸಿ ನೋಡಿದೆ. ಓಡಾಡುವ ಜೀವಗಳಿದ್ದವು. ಅವುಗಳ ನಡುವೆ ಅಲುಗದವು ಇದ್ದವು. ಹರಿದ ಅಂಚಿನವು, ನೀಲಿ, ಕೆಂಪು, ಗೊಬ್ಬರದ ಚೀಲದ ಸಣ್ಣ ಎಳೆಗಳು. ಗಾಜಿನಂಥ ಮೈಯ ಒಂದು ಹುಳು ಕುಣಿಯುತ್ತ ಹಾದುಹೋಯಿತು. ಅದರ ಹೊಟ್ಟೆಯೊಳಗೆ ಒಂದು ನೀಲಿ ಚುಕ್ಕೆ ಇತ್ತು. ನನಗೆ ಹೆಂಡತಿಯ ನೆನಪಾಯಿತು, ಆ ಹೊತ್ತು ಪಾಠ ಮಾಡಲಾಗಲಿಲ್ಲ.

ಸಂಜೆ ಕಾಕೂ ಅವರಿಗೆ ಹೇಳಿದೆ. ಅವು ಜೀವ ಅಲ್ಲ, ಪ್ಲಾಸ್ಟಿಕ್ ಪುಡಿ ಎಂದೆ. ಹುಳುವಿನ ಹೊಟ್ಟೆಯ ಚುಕ್ಕೆಯ ವಿಷಯವನ್ನೂ ಹೇಳಿಬಿಟ್ಟೆ.

"ಹಿಡದದ್ದನ್ನೆಲ್ಲಾ ನಾನ ತಿರುಗಿ ಹಾಕೇನಿ" ಎಂದರು ಕಾಕೂ. "ದಿನಾ ಹಿಡದೇನಿ. ದಿನಾ ಹಾಕೇನಿ."

ನಿಮ್ಮಿಂದ ಎಷ್ಟು ಹೋದೀತು, ಮಷಿನ್ನಿನಿಂದ ಬಂದದ್ದರ ಮುಂದೆ ಅದು ಯಾವ ಲೆಕ್ಕ ಎಂದು ಏನೋ ತೊದಲಿದೆ. ಅವರು ಕೇಳಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಸೋಸಿದ ಅರಿವೆಯನ್ನು ಕೈಯಲ್ಲಿ ಹಿಡಿದುಕೊಂಡು ಬಾವಿಯ ಕಟ್ಟೆಯ ಮೇಲೆ ಕೂತಿದ್ದರು. ನಾನು ಸಾಲಿಗೆ ಹೋಗಿ ಮಧ್ಯಾಹ್ನ ಊಟಕ್ಕೆ ಬಂದರೂ ಹಾಗೇ ಕೂತಿದ್ದರು. ಬಾವಿಗೆ ಬಿಟ್ಟರೆ ಪ್ಲಾಸ್ಟಿಕ್ ಹೋಗುತ್ತದೆ, ಚೆಲ್ಲಿದರೆ ಜೀವ ಹೋಗುತ್ತದೆ. ಒಣಗಬಾರದೆಂದು ಆಗಾಗ ಅರಿವೆಯ ಮೇಲೆ ನೀರು ಚಿಮುಕಿಸುತ್ತಿದ್ದರು. ಬೆಳಗಿನಿಂದ ಬಾಯಿಗೆ ಏನೂ ಹಾಕಿರಲಿಲ್ಲ. ಕೊನೆಗೆ ಹತ್ತಿಯ ಬತ್ತಿಯ ತುದಿಯನ್ನು ನೆನೆಸಿ, ತಂಬಿಗೆಯ ನೀರನ್ನು ತಾಟಿನಲ್ಲಿ ಹರಡಿ, ಬಣ್ಣದ್ದನ್ನು ಒಂದೊಂದಾಗಿ ಎತ್ತತೊಡಗಿದರು. ಅಲುಗುವುದನ್ನು ಬಿಡುವುದು, ಅಲುಗದ್ದನ್ನು ಎತ್ತುವುದು. ಮಂಜಾದ ಆ ಕಣ್ಣಿನಿಂದ ದಿನಾ ಎರಡು ತಾಸು. ಹೊಟ್ಟೆಯೊಳಗೆ ಹೋದದ್ದನ್ನು ಹೇಗೆ ತೆಗೆಯುವುದು ಎಂದು ಒಮ್ಮೆ ನನ್ನನ್ನು ಕೇಳಿದರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ತಟ್ಟನೆ ಒಳಗೆ ಹೋದಳು.

ಮಷಿನ್ ನಿಲ್ಲಿಸು ಎಂದು ಮೈದುನರಿಗೆ ಹೇಳಿ ನೋಡಿದರು. ಕಣ್ಣು ಮಂಜಾದವರ ಮಾತಿನ ಮೇಲೆ ಎಂಟು ಸಂಸಾರದ ಅನ್ನ ನಿಲ್ಲಿಸಲೇ, ಸರಕಾರದ ಕಾಗದ ಬರಲಿ ಎಂದರು ಅವರು. ಕಾಗದ ತರಿಸುವ ಕೆಲಸ ನನಗೇ ಬಂತು. ನೀರನ್ನು ಪರೀಕ್ಷೆಗೆ ಕಳಿಸಿದೆ. ಮೂರು ವಾರದ ಮೇಲೆ ವರದಿ ಬಂತು. ಗಡಸುತನ, ಲವಣ, ರೋಗಾಣು, ಎಲ್ಲದಕ್ಕೂ ಒಂದೊಂದು ಅಂಕಣ ಇತ್ತು. ಎಲ್ಲವೂ ಮಿತಿಯೊಳಗೇ ಇದ್ದವು. ಪ್ಲಾಸ್ಟಿಕ್ಕಿಗೆ ಅಂಕಣವೇ ಇರಲಿಲ್ಲ, ಯಾಕೆಂದರೆ ಆಗ ಅದನ್ನು ಯಾರೂ ಹುಡುಕುತ್ತಿರಲಿಲ್ಲ. ಕೆಳಗೆ 'ಕುಡಿಯಲು ಯೋಗ್ಯ' ಎಂದು ಬರೆದಿತ್ತು.

ಆ ಸಂಜೆ ಅಂಗಳದಲ್ಲಿ ಓಣಿಯವರೆಲ್ಲ ಸೇರಿದ್ದರು. ಶೆಡ್ಡಿನ ಹೆಣ್ಣುಮಕ್ಕಳು ಗೋಡೆಗೆ ಒರಗಿ ನಿಂತಿದ್ದರು. ಬತ್ತಿಯಲ್ಲಿ ಎತ್ತಿ ಕೂಡಿಹಾಕಿದ್ದ ಪುಡಿಯನ್ನು ಕಾಕೂ ಒಂದು ಲೋಟ ಸೋಸಿದ ನೀರಿಗೆ ಹಾಕಿ ಮೈದುನರ ಮುಂದೆ ಇಟ್ಟರು. ಇದನ್ನು ಕೈಯಲ್ಲಿ ಹಿಡಿದು, ಇದರಿಂದ ಏನೂ ಆಗುವುದಿಲ್ಲ ಅಂತ ಒಂದು ಮಾತು ಹೇಳು, ಇನ್ನು ನಿನ್ನನ್ನು ಕೇಳುವುದಿಲ್ಲ ಎಂದರು. ಮೈದುನರು ಲೋಟ ಎತ್ತಿದರು. ಎಲ್ಲರೂ ನೋಡುತ್ತಿದ್ದಂತೆ ಗಟಗಟ ಕುಡಿದುಬಿಟ್ಟರು. ಬಾಯಿ ಒರೆಸಿಕೊಂಡು, ಕುಡಿದೆ, ಏನಾಯಿತು ಎಂದು ಸುತ್ತ ನೋಡಿದರು.

ಏನೂ ಆಗಲಿಲ್ಲ. ಅಲ್ಲೇ ಇತ್ತು ನಮ್ಮ ಸೋಲು. ವಾಂತಿಯಾಗಿದ್ದರೆ, ಹೊಟ್ಟೆ ನೊಂದಿದ್ದರೆ ಜನ ನಂಬುತ್ತಿದ್ದರು. ಕಾಕೂ ಅವರ ಮುಖದ ಬಣ್ಣ ಇಳಿದಿತ್ತು. ಅವರು ಅಂಜಿದ್ದು ಮೈದುನರಿಗಾಗಿ ಎಂದು ನನಗೆ ಹೊಳೆದದ್ದು ಆಮೇಲೆ.

ಮೈದುನರು ನನ್ನ ಕಡೆ ತಿರುಗಿದರು. "ಮಾಸ್ತರ, ನೀವು ಕಲಿತವರು. ಎಲ್ಲಾರ ಮುಂದ ಹೇಳ್ರಿ. ರಿಪೋರ್ಟಿನ್ಯಾಗ ಏನ ಐತಿ?"

ವರದಿ ನನ್ನ ಕಿಸೆಯಲ್ಲಿತ್ತು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ನನ್ನ ತಲೆಯಲ್ಲಿತ್ತು. ಗೋಡೆಗೆ ಒರಗಿ ನಿಂತ ಹೆಣ್ಣುಮಕ್ಕಳು ನನ್ನನ್ನೇ ನೋಡುತ್ತಿದ್ದರು. ನಾನು ಕಂಡದ್ದನ್ನು ಹೇಳಿದರೆ, ಅದರಿಂದ ಏನಾಗುತ್ತದೆ ಎಂದು ಯಾರಾದರೂ ಕೇಳುತ್ತಾರೆ, ನನಗೆ ಗೊತ್ತಿಲ್ಲ ಎನ್ನಬೇಕಾಗುತ್ತದೆ. ಮಾಸ್ತರನಿಗೆ ಗೊತ್ತಿಲ್ಲ ಎನ್ನುವುದು ಬಹಳ ಕಷ್ಟ.

"ಕುಡ್ಯಾಕ ಯೋಗ್ಯ ಅಂತ ಐತ್ರಿ" ಎಂದೆ.

ಕಾಕೂ ನನ್ನನ್ನು ನೋಡಲಿಲ್ಲ. ಲೋಟ ಎತ್ತಿಕೊಂಡು ಒಳಗೆ ಹೋದರು. ಆ ರಾತ್ರಿ, ನಾನು ಸುಳ್ಳು ಹೇಳಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಮಲಗಿದೆ. ಅಷ್ಟು ನಾಚಿಕೆ ನನಗೆ ಆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಮರುದಿನ ಮುಂಜಾನೆ ಕಾಕೂ ಬಾವಿಯ ಕಟ್ಟೆಯ ಮೇಲೆ ಇರಲಿಲ್ಲ. ಗೋಡೆಯಾಚೆ, ಶೆಡ್ಡಿನ ತೊಟ್ಟಿಯಿಂದ ಗಟಾರಕ್ಕೆ ನೀರು ಬೀಳುವ ಜಾಗದಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಆ ಹೊಲಸು ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಅದೇ ಬಿಳಿ ಅರಿವೆಯನ್ನು ನಾಲ್ಕು ಮಡಿಕೆ ಮಾಡಿ ಸೋಸುತ್ತಿದ್ದರು. ಎಪ್ಪತ್ತರ ಹತ್ತಿರದ, ಮಡಿಯ, ದೊಡ್ಡ ಮನೆತನದ ಹೆಣ್ಣುಮಗಳು ಗಟಾರದ ಬಾಜೂ ಕೂತಿದ್ದಾರೆಂದು ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ತೊಳೆಯುವ ಹೆಣ್ಣುಮಕ್ಕಳಿಗೆ ಅವರ ಕಾಲ ಮೇಲೆ ನೀರು ಬಿಡಲು ಕೈ ಬರಲಿಲ್ಲ. ಮಷಿನ್ ನಿಂತಿತು. ಮೈದುನರು ಓಡಿ ಬಂದರು.

"ವೈನಿ, ಏಳ್ರಿ. ಮಂದಿ ನೋಡಾಕತ್ತಾರ."

"ನೋಡ್ಲಿ. ನೀ ನೀರ ಬಿಡು, ನಾ ಸೋಸತೇನಿ. ನಿನ್ನ ಕೆಲಸ ನಿನಗ, ನನ್ನ ಕೆಲಸ ನನಗ."

ಅಣ್ಣನ ಹೆಂಡತಿಯನ್ನು ಕೈ ಹಿಡಿದು ಎಬ್ಬಿಸಲು ಅವರಿಂದಾಗಲಿಲ್ಲ. ಕಾಕೂ ಎದ್ದು ಹೋದ ಮೇಲೆ ಮಷಿನ್ ಶುರು ಮಾಡಿದರೆ, ಮತ್ತೆ ಬಂದು ಕೂಡುವರು. ಹೀಗೆ ಹನ್ನೆರಡು ದಿನ ನಡೆಯಿತು. ಅಂಗಳದಲ್ಲಿ ಮಾತು ನಿಂತಿತು. ಕೆಲಸ ನಿಂತ ಹೆಣ್ಣುಮಕ್ಕಳಲ್ಲಿ ಒಬ್ಬಳು ಒಂದು ದಿನ ಎದುರಿಗೇ ನಿಂತು, ನಿಮ್ಮ ಹುಳ ಉಳಿದವು, ನಮ್ಮ ಮಕ್ಕಳು ಉಪವಾಸ ಬಿದ್ದರು ಎಂದಳು. ಕಾಕೂ ತಲೆ ತಗ್ಗಿಸಿ ಸೋಸುತ್ತಲೇ ಇದ್ದರು. ನಾನು ಆ ದಿನಗಳಲ್ಲಿ ಹಿಂದಿನ ಸಂದಿಯಿಂದ ಸುತ್ತು ಹಾಕಿ ಸಾಲಿಗೆ ಹೋಗುತ್ತಿದ್ದೆ.

ಹದಿಮೂರನೇ ದಿನ ಮಷಿನ್ ಬಿಚ್ಚಿ ಲಾರಿಗೆ ಹೇರಿದರು. ಬಾವಿ ಉಳಿಯಿತು ಎಂದು ಓಣಿಯಲ್ಲಿ ಕೆಲವರು ಸಂತೋಷಪಟ್ಟರು. ನನ್ನ ಹೆಂಡತಿ ಕಾಕೂ ಅವರ ಕೈ ಹಿಡಿದು ಅತ್ತಳು. ಅವರು ಮಾತ್ರ ಲಾರಿ ಹೋದ ದಾರಿ ನೋಡುತ್ತ, ಎಲ್ಲಿಗೆ ಒಯ್ದ ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ.

"ಅಲ್ಲಿ ಯಾರ ಸೋಸತಾರ?" ಎಂದರು.

ಮಗಳು ಆರೋಗ್ಯವಾಗಿ ಹುಟ್ಟಿದಳು. ನೋಡು, ಏನೂ ಆಗಲಿಲ್ಲವಲ್ಲ ಎಂದು ನಾನು ಹೆಂಡತಿಗೆ ಹೇಳುತ್ತಿದ್ದೆ. ಅಂಗಳದಲ್ಲಿ ಆ ಸಂಜೆ ಮೈದುನರು ಆಡಿದ್ದೂ ಇದೇ ಮಾತು ಎಂದು ಅವಳು ಒಮ್ಮೆ ನೆನಪಿಸಿದ ಮೇಲೆ ಹೇಳುವುದನ್ನು ಬಿಟ್ಟೆ.

ಮಗಳಿಗೆ ಏಳು ವರ್ಷವಾದಾಗ ನನಗೆ ಹುಕ್ಕೇರಿ ತಾಲೂಕಿಗೆ ವರ್ಗವಾಯಿತು. ಯಮಕನಮರಡಿಯಿಂದ ಸ್ವಲ್ಪ ದೂರದ ಒಂದು ಹಳ್ಳಿ. ಹೋದ ಮೊದಲ ವಾರದಲ್ಲೇ ಹಳ್ಳದ ದಂಡೆಯ ಕಡೆಯಿಂದ ಒಂದು ಸಪ್ಪಳ ಕೇಳಿ ನಿಂತುಬಿಟ್ಟೆ. ಅದೇ ಮಷಿನ್. ಆಗಿನದಕ್ಕಿಂತ ದೊಡ್ಡ ಶೆಡ್ಡು. ಊರು ಕುಡಿಯುವ ಬಾವಿ ಅದೇ ಹಳ್ಳದ ಕೆಳಗೆ ಇತ್ತು. ನಾನು ಯಾರಿಗೂ ಹೇಳಲಿಲ್ಲ. ಕಾಕೂ ಅವರಿಗೆ ಒಂದು ಕಾರ್ಡು ಬರೆಯೋಣವೆಂದು ಎರಡು ಸಲ ಕೂತೆ, ಎರಡು ಸಲವೂ ಎದ್ದೆ. ಅರಿವೆ ಕೊಂಡು ಮನೆಯಲ್ಲಿ ನೀರು ಸೋಸಲು ಶುರು ಮಾಡಿದೆವು, ಅಷ್ಟೇ.

ಒಂದು ಮಧ್ಯಾಹ್ನ ಸಾಲಿಯಿಂದ ಬರುವಾಗ ಅವರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಮಷಿನ್ ಎಲ್ಲಿದೆ ಎಂದು ಮೈದುನರ ಬಾಯಿಂದ ಅಂತೂ ಹೊರಡಿಸಿಕೊಂಡಿದ್ದರು. ನಾನು ಅಲ್ಲೇ ಇದ್ದೇನೆ ಎಂದು ಕೇಳಿ, ಗೋಕಾಕದಲ್ಲಿ ಬಸ್ಸು ಬದಲಿಸಿ ಒಬ್ಬರೇ ಬಂದಿದ್ದರು. ಕಣ್ಣು ಬಹುತೇಕ ಹೋಗಿದ್ದವು. ಕಂಡಕ್ಟರ್ ಕೈ ಹಿಡಿದು ಇಳಿಸಿದನಂತೆ. ನನ್ನ ಹೆಜ್ಜೆಯ ಸಪ್ಪಳಕ್ಕೆ ಮುಖ ಎತ್ತಿದರು.

"ನಿಮಗ ಗೊತ್ತಿತ್ತೇನ್ರಿ ಮಾಸ್ತರ?"

"ಗೊತ್ತಿತ್ರಿ ಕಾಕೂ."

ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಊರ ಬಾವಿಗೆ ಕರೆದುಕೊಂಡು ಹೋಗಿ ಎಂದರು. ಅಲ್ಲಿ ನೀರಿಗೆ ಬಂದ ಹೆಂಗಸರು ಏಳೆಂಟು ಮಂದಿ ಇದ್ದರು. ಈ ಮುದುಕಿ ಯಾರು ಎಂದು ಸರಿದು ನಿಂತರು. ನಾನು ಸೇದಿದೆ, ಅವರು ಸೋಸಿದರು. ಕೈಗೆ ಅಭ್ಯಾಸ ತಪ್ಪಿರಲಿಲ್ಲ. ಅರಿವೆಯನ್ನು ಬಿಸಿಲಿಗೆ ಎತ್ತಿ ಹಿಡಿದರು, ಬಹಳ ಹೊತ್ತು ಹಿಡಿದರು, ಆಮೇಲೆ ನನ್ನ ಕಡೆ ಚಾಚಿದರು.

"ನನಗ ಕಾಣೂದಿಲ್ಲ. ನೀವ ನೋಡಿ ಹೇಳ್ರಿ. ರಿಪೋರ್ಟ್ ಬ್ಯಾಡ, ಕಂಡದ್ದ ಹೇಳ್ರಿ."

ನೋಡುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೆಂಗಸರಿಗೂ ಕೇಳಲಿ ಎಂದು ದನಿ ಎತ್ತಿ ಹೇಳಿದೆ. "ಅದಾವ್ರಿ ಕಾಕೂ. ನೀಲಿ ಅದಾವ, ಕೆಂಪು ಅದಾವ. ಪ್ಲಾಸ್ಟಿಕ್ ಐತಿ. ಈ ನೀರ ಕುಡ್ಯಾಕ ಬರೂದಿಲ್ಲ." ಇದರಿಂದ ಏನಾಗುತ್ತದೆ ಎಂದು ಒಬ್ಬಳು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಹೇಳಿ ನೋಡಿದರೆ ಅದು ಅಷ್ಟೇನೂ ಕಷ್ಟವಿರಲಿಲ್ಲ. ಇನ್ನೊಬ್ಬಳು, ಇದಲ್ಲದಿದ್ದರೆ ಯಾವ ನೀರು ಕುಡಿಯೋಣ ಎಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, ತುಂಬಿದ ಕೊಡ ಎತ್ತಿಕೊಂಡು ಹೋದರು.

ನನ್ನ ಹೆಂಡತಿ ಬಂದು, ತಾಟಿನಲ್ಲಿ ನೀರು ಹರಡಿ, ಬತ್ತಿಯಿಂದ ಬಣ್ಣದ್ದನ್ನು ಎತ್ತಿ ಕೊಟ್ಟಳು. ಉಳಿದದ್ದನ್ನು ಕಾಕೂ ಬಾವಿಗೆ ಇಳಿಸಿದರು. ಮನೆಗೆ ಬಂದ ಮೇಲೆ ಅವಳು ನಮ್ಮ ಕೊಡದ ನೀರನ್ನು ಅವರ ಎದುರಿಗೇ ಮತ್ತೊಮ್ಮೆ ಸೋಸಿ ತಂಬಿಗೆಯಲ್ಲಿ ತಂದು ನಿಂತಳು. ಬೆಳಿಗ್ಗೆ ಮೂಡಲಗಿ ಬಿಟ್ಟವರು ಅವರು, ತುಟಿ ಒಣಗಿದ್ದವು. "ಬ್ಯಾಡವ್ವಾ, ಹೊತ್ತ ಮುಳಗಾಕ ಬಂತು" ಎಂದರು. ಹೊತ್ತು ಇನ್ನೂ ಮಾರುದ್ದ ಮೇಲಿತ್ತು. ಕಣ್ಣು ಕಾಣದ್ದಕ್ಕೆ ಹಾಗೆಂದರೋ, ಬೇಕೆಂದೇ ಅಂದರೋ, ನಾನು ಕೇಳಲಿಲ್ಲ. ಬಸ್ಸು ಹತ್ತಿಸುವಾಗ ನನ್ನ ಕೈ ಹಿಡಿದು, ಇವತ್ತು ಖರೆ ಹೇಳಿದಿರಿ ಎಂದಷ್ಟೇ ಅಂದರು. ಅವರನ್ನು ನೋಡಿದ್ದು ಅದೇ ಕೊನೆ.

ಬಸ್ಸು ಹೋದ ಮೇಲೆ ಮನೆಗೆ ಬಂದೆ. ಮಗಳು ಆಟ ಮುಗಿಸಿ, ಬೆವೆತು ಬಂದು, ಕಾಕೂ ಮುಟ್ಟದೆ ಬಿಟ್ಟಿದ್ದ ತಂಬಿಗೆಯನ್ನು ಎತ್ತಿ ಕುಡಿಯುತ್ತಿದ್ದಳು. ತಡೆಯಲು ಕೈ ಎತ್ತಿದೆ. ಮನೆಯಲ್ಲಿ ಬೇರೆ ನೀರು ಇರಲಿಲ್ಲ. ಅವಳು ಪೂರ್ತಿ ಕುಡಿದು, ಇನ್ನೊಂದಿಷ್ಟು ಕೊಡು ಎಂದಳು. ಬಗ್ಗಿಸಿ ಕೊಟ್ಟೆ.